ಅಡ್ಡಹೆಸರಿಗಿಂತ ಮುಂಚಿನ ಹೆಸರು: ಕಲಬುರಗಿ, ಬೀದರ, ಯಾದಗಿರಿಯ ಹಳೆ ಕಾಗದದಲ್ಲಿ ಮುತ್ಯಾನನ್ನು (ಅಜ್ಜನನ್ನು) ಗುರುತಿಸುವ ಬಗೆ

ತಹಶೀಲ್ ಕಚೇರಿಯಿಂದ ತಂದ ಹಳೆಯ ನಕಲಿನಲ್ಲಿ ಒಂದು ಸಾಲು ಹೀಗಿರುತ್ತದೆ: ‘ಮಲ್ಲಪ್ಪ ವಲದ್ ಶರಣಪ್ಪ, ಕೌಮ್ ಕುಂಬಾರ, ಪೇಶಾ ಜಿರಾಅತ್, ಸಾಕಿನ್ ಮೌಜಾ ಮಜಕೂರ್.’ ಆ ಮಲ್ಲಪ್ಪನ ಮಗ ಶಾಲೆಯ ದಾಖಲೆಯಲ್ಲಿ ‘ಶರಣಪ್ಪ ಮಲ್ಲಪ್ಪ’. ಮೊಮ್ಮಗ ಆಧಾರ್ ಕಾರ್ಡಿನಲ್ಲಿ ‘ಮಲ್ಲಿಕಾರ್ಜುನ ಕುಂಬಾರ’. ಮೂರು ತಲೆಮಾರು, ಮೂರು ಬಗೆಯ ಬರವಣಿಗೆ. ಹೊಲದ ವಾರಸಾ, ಜಾತಿ ಪ್ರಮಾಣಪತ್ರ, ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರ, ಯಾವುದಕ್ಕೆ ಹೋದರೂ ‘ಇವರೆಲ್ಲ ಒಂದೇ ಮನೆಯವರು ಅನ್ನೋದಕ್ಕೆ ಏನು ಆಧಾರ?’ ಎಂಬ ಪ್ರಶ್ನೆ ಬರುತ್ತದೆ. ಕಾಗದ ಇದ್ದೂ ಓದಲು ಬಾರದೆ ಕೈಬಿಟ್ಟವರು ನಮ್ಮ ಭಾಗದಲ್ಲಿ ಬಹಳ ಮಂದಿ. ಅವರಿಗಾಗಿ ಈ ಬರಹ.

ಒಂದು ಮಾತನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆಗಿನ ಹೆಸರು ವಿಳಾಸದ ಹಾಗೆ ಕೆಲಸ ಮಾಡುತ್ತಿತ್ತು. ಯಾರ ಮಗ, ಯಾವ ಊರು, ಏನು ಕಸುಬು, ಯಾವ ಮನೆ ಎಂಬುದನ್ನು ಕೇಳುವವರಿಗೆ ಬೇಕಾದಷ್ಟೇ ಜೋಡಿಸಿ ಹೇಳುತ್ತಿದ್ದರು. ಊರೊಳಗೆ ‘ಅಗಸಿ ಮನಿ ಮಲ್ಲಪ್ಪ’ ಎಂದರೆ ಸಾಕು. ಸಂತೆಯಲ್ಲಿ ಅದೇ ಮನುಷ್ಯ ‘ಕುಂಬಾರ ಮಲ್ಲಪ್ಪ’. ಪಕ್ಕದ ತಾಲ್ಲೂಕಿಗೆ ಹೋದರೆ ಊರಿನ ಹೆಸರು ಅಂಟುತ್ತಿತ್ತು, ಕಚೇರಿಯಲ್ಲಿ ಅಪ್ಪನ ಹೆಸರು. ಹಾಗಾಗಿ ಸಾಲಿನ ಕೊನೆಯ ಪದವೇ ಮನೆತನದ ಹೆಸರು ಎಂದು ಹಿಡಿದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ.

ಮೊದಲು ಕೂಡಿಸುವ ಪದ ಹುಡುಕಿ

ಎರಡು ಹೆಸರುಗಳ ನಡುವೆ ಯಾವ ಪದ ಇದೆ ಎಂಬುದನ್ನು ಪೆನ್ಸಿಲಿನಿಂದ ಗೆರೆ ಎಳೆದು ಗುರುತು ಮಾಡಿ. ನಿಜಾಮ ಸರ್ಕಾರದ ಉರ್ದು ಕಾಗದಗಳಲ್ಲಿ ‘ವಲದ್’ ಎಂದರೆ ಮಗ. ಅದರ ಎಡಬಲದ ಎರಡು ಹೆಸರು ಇಬ್ಬರು ಮನುಷ್ಯರವು. ಮೊದಲು ಬರುವುದು ಮಗನದು, ಆಮೇಲಿನದು ಅಪ್ಪನದು. ಹೆಣ್ಣುಮಗಳಾದರೆ ‘ಬಿಂತ್’, ಹೆಂಡತಿಯಾದರೆ ‘ಜೌಜಾ’, ವಿಧವೆಯಾದರೆ ‘ಬೇವಾ’. ಬೀದರ ಕಡೆಯ ಮರಾಠಿ ಕಾಗದಗಳಲ್ಲಿ ವಲದ್ ಇರುವ ಜಾಗಕ್ಕೆ ‘ಬಿನ್’ ಕಾಣಬಹುದು. 1956ರಲ್ಲಿ ಈ ಭಾಗ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ನಂತರ ಕನ್ನಡಕ್ಕೆ ಬಂದ ದಾಖಲೆಗಳಲ್ಲಿ ಇವೇ ‘ತಂದೆ’ ಮತ್ತು ‘ಗಂಡ’ ಆದವು. ‘ಶರಣಪ್ಪ ತಂದೆ ಮಲ್ಲಪ್ಪ’, ‘ಗಂಗಮ್ಮ ಗಂಡ ಬಸಪ್ಪ’ ಎಂದು ಇವತ್ತಿಗೂ ನಮ್ಮ ಜಿಲ್ಲೆಗಳಲ್ಲಿ ಬರೆಯುತ್ತಾರೆ. ಇದರ ಅರ್ಥ ‘ಶರಣಪ್ಪ, ಇವನ ತಂದೆ ಮಲ್ಲಪ್ಪ’. ಹೊರಗಿನಿಂದ ಬಂದವರು ಇದನ್ನು ‘ಶರಣಪ್ಪನೇ ಮಲ್ಲಪ್ಪನ ತಂದೆ’ ಎಂದು ತಿರುಗಾಮುರುಗಾ ಓದಿ ವಂಶವೃಕ್ಷವನ್ನು ತಲೆಕೆಳಗು ಮಾಡುವುದುಂಟು.

ಉಳಿದ ಪದಗಳೂ ಬೇಕಾಗುತ್ತವೆ. ‘ಉರ್ಫ್’ ಎಂದರೆ ಅದೇ ಮನುಷ್ಯನ ಇನ್ನೊಂದು ಹೆಸರು. ‘ಕೌಮ್’ ಜಾತಿ, ‘ಪೇಶಾ’ ಕಸುಬು, ‘ಜಿರಾಅತ್’ ಒಕ್ಕಲುತನ, ‘ಸಾಕಿನ್’ ವಾಸ, ‘ಮೌಜಾ’ ಊರು, ‘ಮಜಕೂರ್’ ಎಂದರೆ ಮೇಲೆ ಹೇಳಿದ ಅದೇ. ‘ಮುತವಫ್ಫಿ’ ತೀರಿಕೊಂಡವರು, ‘ನಾಬಾಲಿಗ್’ ವಯಸ್ಸಿಗೆ ಬಾರದವರು, ‘ಮುತಬನ್ನಾ’ ದತ್ತು ಬಂದವರು. ಈ ಕೊನೆಯ ಪದವನ್ನು ಕಣ್ಣು ತಪ್ಪಿಸಿದರೆ ದೊಡ್ಡ ಪೆಟ್ಟು ಬೀಳುತ್ತದೆ. ದತ್ತು ಹೋದವನ ‘ವಲದ್’ ಮುಂದೆ ಸಾಕಿದ ಅಪ್ಪನ ಹೆಸರು ಬರುತ್ತದೆ. ಹೆತ್ತ ಅಪ್ಪನ ಕಡೆ ಅವನು ಕಾಣುವುದೇ ಇಲ್ಲ. ‘ನಮ್ಮ ಮುತ್ಯಾಗ ಮೂವರು ಮಕ್ಕಳು’ ಎಂದು ಮನೆಯಲ್ಲಿ ಹೇಳುತ್ತಾರೆ, ಪಹಣಿಯಲ್ಲಿ ಇಬ್ಬರೇ ಸಿಗುತ್ತಾರೆ. ಮೂರನೆಯವನನ್ನು ಇನ್ನೊಬ್ಬರ ಖಾತೆಯಲ್ಲಿ ಹುಡುಕಬೇಕು.

ಮುಸಲ್ಮಾನರ ಹೆಸರಿಗೆ ಬೇರೆ ಕೀಲುಗಳು. ಕಲಬುರಗಿಯ ಖಾಜಾ ಬಂದೇನವಾಜರನ್ನೇ ನೋಡಿ. ಅವರ ಸ್ವಂತ ಹೆಸರು ಮುಹಮ್ಮದ್. ಸೈಯದ್, ಹುಸೇನಿ ಎಂಬವು ವಂಶ ಹೇಳುತ್ತವೆ. ಗೇಸೂದರಾಜ್ ಎಂದರೆ ನೀಳಕೂದಲಿನವರು, ಬಂದೇನವಾಜ್ ಭಕ್ತಿಯಿಂದ ಬಂದ ಬಿರುದು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಸೀಮೆಯವರಾದ್ದರಿಂದ ಗೀಲಾನಿ ಎಂದೂ ಕರೆಸಿಕೊಂಡರು. ಹಳ್ಳಿಯ ಕಾಗದದಲ್ಲಿ ಇಷ್ಟು ಉದ್ದ ಇರುವುದಿಲ್ಲ. ‘ಮಹಿಬೂಬಸಾಬ ವಲದ್ ಖಾಜಾಸಾಬ’ ಎಂದಿದ್ದು, ಹಿಂದೆಯೋ ಮುಂದೆಯೋ ನದಾಫ್, ಬಾಗವಾನ್, ಅತ್ತಾರ, ಮುಜಾವರ ಎಂಬ ಕಸುಬಿನ ಮಾತು ಇರುತ್ತದೆ.

ಕಸುಬು ಮುಂದಿತ್ತು, ಆಮೇಲೆ ಹಿಂದೆ ಸರಿಯಿತು

ಹನ್ನೆರಡನೆಯ ಶತಮಾನದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಈ ಪಾಠಕ್ಕೆ ಎಲ್ಲಕ್ಕಿಂತ ಒಳ್ಳೆಯ ಶಾಲೆ. ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ. ಇವರಿಗಿಂತ ಮುಂಚಿನ ಮಾದಾರ ಚೆನ್ನಯ್ಯ, ಸುರಪುರ ತಾಲ್ಲೂಕಿನ ಮುದನೂರಿನ ಜೇಡರ ದಾಸಿಮಯ್ಯ. ಎಲ್ಲರಲ್ಲೂ ಕಸುಬು ಮೊದಲು, ಹೆಸರು ಆಮೇಲೆ. ಕನ್ನಡದ ಸಹಜ ಕ್ರಮವೇ ಅದು: ಹಡಪದ ಅಪ್ಪಣ್ಣ ಎಂದರೆ ಹಡಪ (ಎಲೆಅಡಿಕೆಯ ಚೀಲ) ಹಿಡಿಯುವ ಅಪ್ಪಣ್ಣ. ಹೆಣ್ಣುಮಕ್ಕಳಿಗೂ ಹೀಗೆಯೇ. ಕದಿರ ರೆಮ್ಮವ್ವೆ ನೂಲುವವಳು. ಆಯ್ದಕ್ಕಿ ಲಕ್ಕಮ್ಮ ಗಂಡನ ಹೆಸರಿನಿಂದಲ್ಲ, ಗಂಡಹೆಂಡಿರಿಬ್ಬರೂ ಮಾಡುತ್ತಿದ್ದ ಅಕ್ಕಿ ಆಯುವ ಕಾಯಕದಿಂದ ಗುರುತಾದವಳು. ಗಂಡನೂ ಆಯ್ದಕ್ಕಿ ಮಾರಯ್ಯನೇ.

ಇವತ್ತಿನ ಮತದಾರರ ಪಟ್ಟಿಯಲ್ಲಿ ಇದೇ ಹೆಸರು ‘ಅಪ್ಪಣ್ಣ ಹಡಪದ’ ಆಗಿರುತ್ತದೆ. ‘ಹಡಪದ’, ‘ಅಂಬಿಗರ’ ಎಂಬ ಪದಗಳ ಕೊನೆಯ ‘ದ’, ‘ರ’ ಅಕ್ಷರಗಳನ್ನು ಗಮನಿಸಿ. ‘ಹಡಪದ’ ಎಂದೊಡನೆ ಮುಂದೆ ಇನ್ನೊಂದು ಪದ ಬರಬೇಕು ಎಂದು ಕಿವಿ ಕಾಯುತ್ತದೆ, ಬರುವುದಿಲ್ಲ. ಹೆಸರಿನ ಮುಂದೆ ಇದ್ದ ಪದವನ್ನು ಶಾಲೆಯ ಹಾಜರಿ ಪುಸ್ತಕ, ಸರ್ಕಾರಿ ಅರ್ಜಿಗಳ ಕಾಲದಲ್ಲಿ ಕೊನೆಗೆ ಇಟ್ಟರು, ಆದರೆ ವಿಭಕ್ತಿ ಪ್ರತ್ಯಯ ಹಾಗೇ ಉಳಿಯಿತು. ಅಡ್ಡಹೆಸರು ‘ದ’, ‘ರ’, ‘ಇನ’ ಎಂಬ ಪ್ರತ್ಯಯದಿಂದ ಮುಗಿದರೆ ಅದು ಹಿಂದೆ ಹೆಸರಿನ ಮುಂದಿದ್ದ ಗುರುತು ಇರಬಹುದು. ಹಳೆಯ ಕಾಗದದಲ್ಲಿ ಹುಡುಕುವಾಗ ಎರಡೂ ಕ್ರಮದಲ್ಲಿ ಹುಡುಕಿ: ‘ಕುಂಬಾರ ಮಲ್ಲಪ್ಪ’ ಮತ್ತು ‘ಮಲ್ಲಪ್ಪ ಕುಂಬಾರ’. ಅಕ್ಷರಾನುಕ್ರಮದ ಪಟ್ಟಿಯಾದರೆ ಮೊದಲನೆಯದು ‘ಕ’ ಅಡಿ, ಎರಡನೆಯದು ‘ಮ’ ಅಡಿ ಸಿಗುತ್ತದೆ. ಒಂದೇ ಕಡೆ ನೋಡಿ ‘ಇಲ್ಲ’ ಎಂದು ಎದ್ದು ಬರಬೇಡಿ.

ಅರಸರ ವಿಷಯದಲ್ಲಿ ಬಿರುದು ಸ್ವಂತ ಹೆಸರನ್ನೇ ಮುಚ್ಚಿಬಿಟ್ಟಿದೆ. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಸ್ವಂತ ಹೆಸರು ಶರ್ವ. ಅಮೋಘವರ್ಷ, ನೃಪತುಂಗ ಎರಡೂ ಬಿರುದುಗಳು. ಅದಕ್ಕೂ ಹಿಂದೆ, ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪಕ್ಕೆ ಪೋಷಣೆ ಸಿಕ್ಕ ಶಾತವಾಹನರ ಕಾಲದಲ್ಲಿ, ಗೌತಮೀಪುತ್ರ ಶಾತಕರ್ಣಿ, ವಾಸಿಷ್ಠೀಪುತ್ರ ಪುಲುಮಾವಿ ಎಂದು ಅರಸರು ತಾಯಿಯ ಗೋತ್ರದಿಂದ ಗುರುತಾಗುತ್ತಿದ್ದರು. ಮಿತಾಕ್ಷರ ಬರೆದ, ಕಲಬುರಗಿ ಬಳಿಯ ಮರತೂರಿನವರೆಂದು ಹೇಳುವ ವಿಜ್ಞಾನೇಶ್ವರ ತನ್ನನ್ನು ಪದ್ಮನಾಭ ಭಟ್ಟರ ಮಗನೆಂದು ಹೇಳಿಕೊಂಡ. ಅಪ್ಪನ ಹೆಸರೊಂದೇ ಗುರುತು ಎಂಬ ಕಟ್ಟುಪಾಡು ನಮ್ಮ ನೆಲದಲ್ಲಿ ಎಂದೂ ಒಂದೇ ತೆರನಾಗಿ ಇರಲಿಲ್ಲ.

ಮನೆಯಲ್ಲೇ ಶುರು ಮಾಡಿ

ಕಚೇರಿಗೆ ಹೋಗುವ ಮುಂಚೆ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಬ್ಬ ಮನುಷ್ಯನಿಗೆ ಒಂದು ಪುಟ. ಪುಟದಲ್ಲಿ ಆರು ಸಾಲು: ಕಾಗದದಲ್ಲಿರುವ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ತಂದೆ ಅಥವಾ ಗಂಡ, ಊರು, ಮನೆ ಅಥವಾ ಕಸುಬಿನ ಗುರುತು, ಹೊಲದ ಸರ್ವೆ ನಂಬರ್. ಗೊತ್ತಿಲ್ಲದ ಸಾಲನ್ನು ಖಾಲಿ ಬಿಡಿ. ಊಹೆ ಬರೆದರೆ ಆರು ತಿಂಗಳ ನಂತರ ಅದನ್ನೇ ನಿಜವೆಂದು ನಂಬುತ್ತೀರಿ.

ಹಿರಿಯರನ್ನು ಕೇಳುವಾಗ ‘ಮುತ್ಯಾನ ಹೆಸರೇನು?’ ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ, ಅಷ್ಟೇ. ‘ಊರಾಗ ಏನಂತ ಕರೀತಿದ್ರು? ಆಯಿ ಅವರನ್ನ ಹ್ಯಾಂಗ ಕರೀತಿದ್ಳು? ಯಾರ ಹೆಸರು ಇಟ್ಟಿದ್ರು? ಅವರ ಅಣ್ಣತಮ್ಮಂದಿರು ಯಾರ‍್ಯಾರು?’ ಎಂದು ಕೇಳಿ. ಹಳೆಯ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಿಂದ ಆಡುತ್ತಿರಲಿಲ್ಲ. ಮದುವೆ, ಸೀಮಂತದಲ್ಲಿ ಒಡಪು ಹಾಕಿಯೇ ಹೇಳುತ್ತಿದ್ದರು. ಒತ್ತಾಯ ಮಾಡಬೇಡಿ. ನಾಲ್ಕು ಹೆಸರು ನೀವೇ ಹೇಳಿ, ಸರಿಯಾದದ್ದಕ್ಕೆ ಅವರು ತಲೆಯಾಡಿಸುತ್ತಾರೆ. ಒಡಪು ನೆನಪಿದ್ದರೆ ಅದನ್ನೇ ಬರೆದುಕೊಳ್ಳಿ, ಹೆಸರು ಅದರೊಳಗೇ ಇರುತ್ತದೆ.

ಇದೇ ಮರ್ಯಾದೆಯಿಂದ ಇನ್ನೊಂದು ತೊಡಕು ಹುಟ್ಟಿದೆ. ಮೊದಲ ಮಗನಿಗೆ ಮುತ್ಯಾನ ಹೆಸರು ಇಡುವುದು ರೂಢಿ. ಮಾವನ ಹೆಸರು ಕೂಗಲಾರದ ಸೊಸೆ ಮಗುವನ್ನು ‘ಅಪ್ಪು’ ಎಂದೋ ‘ರಾಜಾ’ ಎಂದೋ ಕರೆದಳು. ಶಾಲೆಗೆ ಸೇರಿಸಲು ಹೋದವರು ಆ ಕರೆಯುವ ಹೆಸರನ್ನೇ ಬರೆಸಿದರೆ ತೊಟ್ಟಿಲ ಹೆಸರು ಒಂದು, ಶಾಲೆಯ ಹೆಸರು ಒಂದು, ಪಹಣಿಯ ಹೆಸರು ಮತ್ತೊಂದು. ಮೂರೂ ಒಬ್ಬನೇ.

ಅಟ್ಟದ ಮೇಲಿನ ಭಾಂಡೆಗಳನ್ನು ಇಳಿಸಿ ನೋಡಿ. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಕಂಚಿನ ತಾಟುಗಳ ಅಂಚಿನಲ್ಲಿ ಕೊಟ್ಟವರ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸುವ ಪದ್ಧತಿ ಇದೆ. ಎಷ್ಟೋ ಸಲ ಊರು, ತಾರೀಖೂ ಇರುತ್ತವೆ. ಹುಣಸೆಹಣ್ಣಿನಿಂದ ಜೋರಾಗಿ ತಿಕ್ಕಬೇಡಿ, ಸವೆದ ಚುಕ್ಕಿ ಅಳಿಸಿಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಮೇಲೆ ಬಿಳಿ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿ. ಕಣ್ಣಿಗೆ ಕಾಣದ ಅಕ್ಷರ ಕಾಗದದ ಮೇಲೆ ಮೂಡುತ್ತದೆ. ಸೊಸೆಯ ತವರಿನ ಹೆಸರು ಸಿಗುವ ಅಪರೂಪದ ಜಾಗ ಇದು.

ಹೆಳವರು ಬರುವ ಊರಾದರೆ ಅವರನ್ನು ಕಾದು ಕೂತು ಕೇಳಿ. ಸುಗ್ಗಿಯ ಮೇಲೆ ಎತ್ತು ಸಿಂಗರಿಸಿಕೊಂಡು ಬಂದು, ತಮಗೆ ವಂಶಪಾರಂಪರ್ಯವಾಗಿ ಸೇರಿದ ಮನೆಗಳ ಪೀಳಿಗೆಯನ್ನು ಒಪ್ಪಿಸುವವರು ಅವರು. ಯಾವ ಊರಿನಿಂದ ಯಾರು ಕಿತ್ತುಕೊಂಡು ಬಂದರು, ಬೆಡಗು (ಕುಲದ ಒಳಬಳಿ) ಯಾವುದು ಎಂಬುದು ಪಹಣಿಯಲ್ಲಿ ಸಿಗದು, ಅವರ ಬಾಯಲ್ಲಿ ಸಿಗುತ್ತದೆ. ಆದರೆ ಹೆಣ್ಣುಮಕ್ಕಳ ಹೆಸರು ಅವರಲ್ಲೂ ಕಡಿಮೆ. ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರನ್ನೂ ಗೋತ್ರದೊಂದಿಗೆ ಹೇಳಬೇಕಾದ್ದರಿಂದ ಮೂರು ತಲೆಮಾರಿನ ಹೆಸರು ಅಲ್ಲಿ ಭದ್ರವಾಗಿರುತ್ತದೆ.

ಮನೆಯ ಗುರುತು ಎಲ್ಲಿಂದ ಬಂತು

ಈಗಿನ ಅಡ್ಡಹೆಸರನ್ನು ಹಿಂದಕ್ಕೆ ಬಿಡಿಸಬೇಕು. ಪಾಟೀಲ, ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ, ನಾಡಗೌಡ, ತಳವಾರ ಇವು ವತನದ ಹುದ್ದೆಗಳು. ಮಾಲಿಪಾಟೀಲನದು ಕಂದಾಯ, ಪೊಲೀಸ್ ಪಾಟೀಲನದು ಊರ ಬಂದೋಬಸ್ತು. ಇವರಿಬ್ಬರೂ ಬೇರೆ ಬೇರೆ ಮನೆಯವರಾಗಿರಬಹುದು. ಹುದ್ದೆ ನಡೆಸಿದ ಕವಲು ಪಾಟೀಲರಾಯಿತು, ಅದೇ ರಕ್ತದ ಇನ್ನೊಂದು ಕವಲು ಮನೆಯ ಹೆಸರನ್ನೋ ಊರಿನ ಹೆಸರನ್ನೋ ಇಟ್ಟುಕೊಂಡಿತು. ಆದ್ದರಿಂದ ಅಣ್ಣತಮ್ಮಂದಿರ ಮಕ್ಕಳಿಗೆ ಬೇರೆ ಬೇರೆ ಅಡ್ಡಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ, ಅದರಿಂದ ನೆಂಟಸ್ತನ ಸುಳ್ಳಾಗದು. ಇದಕ್ಕೆ ತಿರುವುಮುರುವೂ ನಿಜ: ಎರಡು ಊರಿನ ಕುಲಕರ್ಣಿಗಳಿಗೆ ಯಾವ ಸಂಬಂಧವೂ ಇರಬೇಕಾಗಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಹುದ್ದೆ ಹೋಯಿತು, ಹೆಸರು ನಿಂತಿತು.

ಹೊಸಮನಿ, ದೊಡ್ಡಮನಿ, ಕಟ್ಟಿಮನಿ, ಅಗಸಿಮನಿ ಇವು ಊರೊಳಗಿನ ಜಾಗ ಹೇಳುತ್ತವೆ. ಇಂಥ ಹೆಸರಿದ್ದರೆ ಹಳೆಯ ಊರ ಅಗಸಿ, ಕಟ್ಟೆ ಎಲ್ಲಿತ್ತು ಎಂದು ಕೇಳಿ ಆ ಓಣಿಯ ಹಿರಿಯರ ಹತ್ತಿರ ಹೋಗಿ.

ಊರಿನ ಹೆಸರೇ ಅಡ್ಡಹೆಸರಾಗಿದ್ದರೆ ಒಂದು ನಿಯಮ ತಪ್ಪದೆ ಅನ್ವಯಿಸುತ್ತದೆ. ನಿಂಬರ್ಗಿಯಲ್ಲಿ ಇರುವವರನ್ನು ಯಾರೂ ನಿಂಬರ್ಗಿಯವರು ಎಂದು ಗುರುತು ಹಿಡಿಯಬೇಕಾಗಿಲ್ಲ. ಅಲ್ಲಿಂದ ಹೊರಬಿದ್ದ ಮೇಲೆ ಆ ಹೆಸರು ಬರುತ್ತದೆ. ಹಾಗಾಗಿ ಈಗಿನ ಊರಿನ ದಾಖಲೆಯಲ್ಲಿ ಆ ಅಡ್ಡಹೆಸರು ಕಾಣುವ ಮೊದಲ ವರ್ಷವೇ ಹೆಚ್ಚುಕಡಿಮೆ ವಲಸೆಯ ಕಾಲ, ಅದಕ್ಕೂ ಹಿಂದಿನದನ್ನು ಮೂಲ ಊರಿನಲ್ಲಿ ಹುಡುಕಬೇಕು. ಬೀದರ ಕಡೆ ‘ಕರ್’ ಎಂದು ಮುಗಿಯುವ ಹೆಸರುಗಳೂ ಇದೇ ಬಗೆಯವು. ಒಂದು ಎಚ್ಚರ: ಒಂದೇ ಹೆಸರಿನ ಎರಡು ಊರು ಇರುತ್ತವೆ. ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಎಂಬಲ್ಲಿ ಬಿ ಎಂದರೆ ಬುಜುರ್ಗ್, ಹಿರಿದು. ಕೆ ಎಂದರೆ ಖುರ್ದ್, ಕಿರಿದು. ಆ ಒಂದಕ್ಷರ ಬಿಟ್ಟು ಅರ್ಜಿ ಹಾಕಿದರೆ ಬೇರೆ ಊರಿನ ನಕಲು ಕೈಗೆ ಬರುತ್ತದೆ.

ತಾಂಡಾಗಳ ಕಥೆ ಬೇರೆ. ರಾಠೋಡ, ಚವ್ಹಾಣ, ಪವಾರ, ಜಾಧವ ಎಂಬ ಲಂಬಾಣಿ ಕುಲದ ಹೆಸರುಗಳು ಸಂಬಂಧ ಬೆಳೆಸುವಾಗ ಬೇಕೇಬೇಕಾದ್ದರಿಂದ ಕಾಗದಕ್ಕಿಂತ ಹಳೆಯವು. ಆದರೆ ತಾಂಡಾದ ಮುಖ್ಯಸ್ಥ ನಾಯಕ. ಅವನ ಮಕ್ಕಳನ್ನು ‘ನಾಯಕ’ ಎಂದೇ ಬರೆದ ಕಡೆ ಕುಲದ ಹೆಸರು ಮರೆಯಾಗಿರುತ್ತದೆ.

ಇಟ್ಟ ಹೆಸರೂ ದಾರಿ ತೋರಿಸುತ್ತದೆ

ಶರಣಬಸಪ್ಪ ಎಂದರೆ ಕಲಬುರಗಿಯ ಶರಣಬಸವೇಶ್ವರರಿಗೆ ನಡೆದುಕೊಳ್ಳುವ ಮನೆ. ಅವರು ಲಿಂಗೈಕ್ಯರಾದದ್ದು 1822ರಲ್ಲಿ, ಈ ಹೆಸರಿನ ದೊಡ್ಡ ಬೆಳೆ ಆಮೇಲಿನದು. ಮಾಣಿಕಪ್ಪ, ಮಾಣಿಕರಾವ್ ಎಂಬ ಹೆಸರು ಹುಮನಾಬಾದ್ ಬಳಿಯ ಮಾಣಿಕಪ್ರಭುಗಳ (1817–1865) ಕಡೆ ಕೈ ತೋರುತ್ತದೆ. ಝರಣಪ್ಪ ಬೀದರಿನ ಝರಣಿ ನರಸಿಂಹನದು, ಮೈಲಾರಿ ಮೈಲಾರಲಿಂಗನದು, ರೇವಣಸಿದ್ದಪ್ಪ ರೇವಣಸಿದ್ಧರದು. ಸಾಯಬಣ್ಣ, ಖಾಜಪ್ಪ, ಹುಸೇನಪ್ಪ, ಫಕೀರಪ್ಪ ಎಂಬ ಹೆಸರು ಕಂಡೊಡನೆ ಧರ್ಮವನ್ನು ತೀರ್ಮಾನಿಸಬೇಡಿ. ದರ್ಗಾಕ್ಕೋ ಮೊಹರಂನ ಅಲಾಯಿ ಪೀರಿಗೋ ಹರಕೆ ಹೊತ್ತು ಹುಟ್ಟಿದ ಹಿಂದೂ ಮಕ್ಕಳಿಗೆ ಈ ಹೆಸರು ಇಡುವುದು ನಮ್ಮ ನೆಲದ ಚಂದ. ಕಾಗದದಲ್ಲಿ ‘ಕೌಮ್’ ಏನಿದೆ ನೋಡಿ, ಅದೇ ಸಾಕ್ಷಿ.

ಮುಂಚಿನ ಕೂಸುಗಳು ಉಳಿಯದಿದ್ದಾಗ ಹುಟ್ಟಿದ ಮಗುವಿಗೆ ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ, ಅಡಿವೆಪ್ಪ ಎಂಬಂಥ ಹೆಸರಿಟ್ಟು ದೃಷ್ಟಿ ತಪ್ಪಿಸುತ್ತಿದ್ದರು. ತಿಪ್ಪಣ್ಣ ಎಂಬವನಿಗೆ ಮೊದಲು ಹುಟ್ಟಿ ತೀರಿಕೊಂಡ ಅಣ್ಣ ಅಕ್ಕಂದಿರು ಇದ್ದಿರಬಹುದು. ಮುತ್ಯಾನ ಹೆಸರು ಆ ತೀರಿಕೊಂಡ ಮಗುವಿಗೆ ಹೋಗಿದ್ದರಿಂದ ಸರಣಿ ಅಲ್ಲಿ ಕಡಿದಿರುತ್ತದೆ.

ಯಾವ ಕಾಗದ, ಯಾವ ಕ್ರಮದಲ್ಲಿ

ಹೊಸದರಿಂದ ಹಳೆಯದಕ್ಕೆ ಹೋಗಿ, ಹಳೆಯದರಿಂದ ಹೊಸದಕ್ಕೆ ಬರಬೇಡಿ. ಮೊದಲು ಈಗಿನ ಪಹಣಿ ಮತ್ತು ಮ್ಯುಟೇಶನ್. ನಂತರ ಅಪ್ಪ, ಮುತ್ಯಾ ಓದಿದ ಶಾಲೆಯ ದಾಖಲಾತಿ ಪುಸ್ತಕ. ಆಮೇಲೆ 1954-55ರ ಖಾಸ್ರಾ ಪಹಣಿ. ಹೈದರಾಬಾದ್ ಸೀಮೆಯ ಊರುಗಳಿಗೆ ಇದು ಅಡಿಗಲ್ಲು. ಪಟ್ಟೇದಾರನ ಹೆಸರು, ಉಳುತ್ತಿದ್ದವನ ಹೆಸರು ಎರಡೂ ಸರ್ವೆ ನಂಬರಿನ ಜೊತೆ ಇರುವುದರಿಂದ ಹೆಸರು ಬದಲಾದರೂ ಹೊಲ ಹಿಡಿದು ಮನುಷ್ಯನನ್ನು ಹುಡುಕಬಹುದು. ಅದರ ಹಿಂದಿನದು ಸೇತ್ವಾರ (ಸರ್ವೆ ಆದಾಗ ಹೊಲ, ಪಟ್ಟೇದಾರರನ್ನು ಪಟ್ಟಿ ಮಾಡಿದ ಪುಸ್ತಕ) ಮತ್ತು ವಿರಾಸತ್ ಕಡತಗಳು. ವಿರಾಸತ್ ಎಂದರೆ ಪಟ್ಟೇದಾರ ತೀರಿಕೊಂಡ ಮೇಲೆ ವಾರಸುದಾರರ ಹೆಸರು ಏರಿಸಿದ ದಾಖಲೆ. ಒಂದೇ ಹಾಳೆಯಲ್ಲಿ ಅಪ್ಪ, ಮಕ್ಕಳು, ಹೆಂಡತಿ ಎಲ್ಲರೂ ಸಿಗುವುದರಿಂದ ಒಂದು ವಿರಾಸತ್ ಹತ್ತು ಪಹಣಿಗೆ ಸಮ.

ಜಾಗೀರು, ಪಾಯಿಗಾ (ನಿಜಾಮನ ದೊಡ್ಡ ಸರದಾರರ ಜಾಗೀರು), ಸರ್ಫೇಖಾಸ್ (ನಿಜಾಮನ ಸ್ವಂತ ಆಸ್ತಿ) ಊರುಗಳ ಲೆಕ್ಕ 1949ರಲ್ಲಿ ಜಾಗೀರು ರದ್ದಾಗುವ ತನಕ ಬೇರೆಯೇ ಇತ್ತು. ಹಾಗಾಗಿ ಪಕ್ಕದ ಊರಿಗೆ ಸಿಕ್ಕ ಹಳೆಯ ಕಾಗದ ನಿಮ್ಮೂರಿಗೆ ಸಿಗದೆ ಹೋಗಬಹುದು. ಅಂಥ ಊರಿನವರು, ಹಾಗೂ ತಾಲ್ಲೂಕಿನಲ್ಲಿ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಪಡೆದವರು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರವನ್ನು ನೋಡಬೇಕು. 1956ರ ಗಡಿ ಬದಲಾವಣೆಯನ್ನೂ ನೆನಪಿಡಿ: ಉದಗೀರ, ನಿಲಂಗಾ, ಅಹಮದಪುರ ಆಗ ಬೀದರ ಜಿಲ್ಲೆಯವು, ತಾಂಡೂರು, ಕೊಡಂಗಲ್ ಗುಲಬರ್ಗಾ ಜಿಲ್ಲೆಯವು. ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ, ಹಳೆಯ ಕಾಗದಕ್ಕೆ ‘ಜಿಲ್ಲಾ ಗುಲಬರ್ಗಾ’ ಎಂದೇ ಕೇಳಿ.

ಹಳೆಯ ಕಾಗದದ ತಾರೀಖು ಫಸಲಿಯಲ್ಲಿ, ಅಂದರೆ ನಿಜಾಮ ಸರ್ಕಾರದ ಕಂದಾಯ ವರ್ಷದ ಲೆಕ್ಕದಲ್ಲಿ ಇರುತ್ತದೆ. ನಿಜಾಮ ಆಡಳಿತದ ಕೊನೆಯ ದಶಕಗಳಲ್ಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಶುರು. ಆಜುರ್, ದೈ, ಬಹಮನ್ ಈ ಮೊದಲ ಮೂರು ತಿಂಗಳಿಗೆ 590 ಕೂಡಿಸಿ. ಇಸ್ಫಂದಾರದಿಂದ ಆಬಾನ್ ತನಕದ ಒಂಬತ್ತು ತಿಂಗಳಿಗೆ 591. ಬಹಮನ್ ತಿಂಗಳ ಕೊನೆಯ ದಿನಗಳು ಜನವರಿಗೆ ಹೊಕ್ಕಿರುತ್ತವೆ, ಅಷ್ಟು ಎಚ್ಚರ ಸಾಕು. 1340 ಫಸಲಿಯ ಆಜುರ್ ಎಂದರೆ 1930ರ ಅಕ್ಟೋಬರ್, ಅದೇ ಫಸಲಿಯ ಖುರ್ದಾದ್ ಎಂದರೆ 1931ರ ಏಪ್ರಿಲ್. ಒಂದು ವರ್ಷದ ತಪ್ಪು ಚಿಕ್ಕದೆನಿಸಬಹುದು, ಆದರೆ ಅಪ್ಪ ತೀರಿಕೊಂಡ ವರ್ಷಕ್ಕೂ ಮಗನ ಹೆಸರು ಏರಿದ ವರ್ಷಕ್ಕೂ ತಾಳೆ ತಪ್ಪಿದರೆ ಕಚೇರಿಯಲ್ಲಿ ಅದೇ ತಕರಾರು.

ಉರ್ದು ಅಕ್ಷರದಲ್ಲಿ ಕನ್ನಡ ಹೆಸರು

ಎಲ್ಲಕ್ಕಿಂತ ಹೆಚ್ಚು ಹೆಸರು ಕೆಟ್ಟಿರುವುದು ಇಲ್ಲಿ. ಬರೆದವರ ಕೈಯಲ್ಲಿ ಎಷ್ಟು ಕೆಟ್ಟಿತೋ ಆಮೇಲೆ ಓದಿ ಕನ್ನಡಕ್ಕೆ ಇಳಿಸಿದವರ ಕೈಯಲ್ಲಿ ಅಷ್ಟೇ ಕೆಟ್ಟಿತು.

ಮಲ್ಲಪ್ಪ ಎಂಬುದನ್ನು ಉರ್ದುವಿನಲ್ಲಿ ಮೀಮ್, ಲಾಮ್, ಪೇ, ಅಲಿಫ್ ಎಂದು ನಾಲ್ಕು ಅಕ್ಷರದಲ್ಲಿ ಬರೆಯುತ್ತಾರೆ. ಒತ್ತಕ್ಷರ ತೋರಿಸುವ ಗುರುತನ್ನು ಕೈಬರಹದಲ್ಲಿ ಬಿಟ್ಟೇಬಿಡುತ್ತಾರೆ. ಮಾಳಪ್ಪ ಎಂದು ಬರೆಯಲು ಮೀಮ್ ಆದ ಮೇಲೆ ಒಂದು ಅಲಿಫ್ ಹೆಚ್ಚು, ಅಷ್ಟೇ. ಉರ್ದುವಿನಲ್ಲಿ ಳ ಇಲ್ಲ, ಲಾಮ್ ಎರಡಕ್ಕೂ ಒಂದೇ. ಆ ಅಲಿಫ್ ಎಂಬ ಸಣ್ಣ ನೆಟ್ಟಗೆರೆ ಮಸುಕಾದರೆ ಮಾಳಪ್ಪ ಮಲ್ಲಪ್ಪನಾಗುತ್ತಾನೆ, ಕಾಳಪ್ಪ ಕಲ್ಲಪ್ಪನಾಗುತ್ತಾನೆ. ಣ, ನ ಎರಡಕ್ಕೂ ನೂನ್. ಎ, ಏ, ಐ, ಈ, ಯ ಎಲ್ಲಕ್ಕೂ ಯೇ. ಊ, ಒ, ಓ, ವ ಎಲ್ಲಕ್ಕೂ ವಾವ್. ಹ್ರಸ್ವ ಇಕಾರ ಉಕಾರಗಳನ್ನು ಬರೆಯುವುದೇ ಅಪರೂಪ. ಬೇಗ ಬರೆಯುವ ಶಿಕಸ್ತಾ ಬರಹದಲ್ಲಿ ಚುಕ್ಕಿಗಳನ್ನೂ ಬಿಡುತ್ತಾರೆ. ಆಗ ಒಂದು ಚುಕ್ಕಿಯ ಬೇ, ಮೂರು ಚುಕ್ಕಿಯ ಪೇ, ಮೇಲೆ ಎರಡು ಚುಕ್ಕಿಯ ತೇ ಮೂರೂ ಒಂದೇ ದೋಣಿಯಾಕಾರ.

ಮಾಡಬೇಕಾದ್ದು ಇಷ್ಟು. ನಕಲಿನ ಜೊತೆ ಮೂಲ ಪುಟದ ಫೋಟೋ ಅಥವಾ ಝೆರಾಕ್ಸ್ ಕೇಳಿ. ಕನ್ನಡ ಅನುವಾದ ಒಂದನ್ನೇ ನಂಬಬೇಡಿ. ಉರ್ದು ಬಲ್ಲವರಿಗೆ ಕೊಡುವಾಗ ‘ಇದು ಮಲ್ಲಪ್ಪ ಅಲ್ಲವೇ?’ ಎಂದು ಮೊದಲೇ ಹೇಳಬೇಡಿ, ಕಣ್ಣು ನೀವು ಹೇಳಿದ್ದನ್ನೇ ಕಾಣುತ್ತದೆ. ಅಕ್ಷರ ಅಕ್ಷರ ಬಿಡಿಸಿ ಹೇಳಲು ಕೇಳಿ, ಬರೆದುಕೊಳ್ಳಿ, ಆ ಅಕ್ಷರಗಳಿಂದ ಆಗಬಹುದಾದ ಎಲ್ಲ ಕನ್ನಡ ಹೆಸರುಗಳನ್ನೂ ಪಟ್ಟಿ ಮಾಡಿ. ಆಮೇಲೆ ಮನೆಯ ನೋಟ್‌ಬುಕ್ ತೆರೆಯಿರಿ. ಅದೇ ಬರಹಗಾರನ ಕೈಯಲ್ಲಿ ನಿಮಗೆ ಗೊತ್ತಿರುವ ಇನ್ನೊಂದು ಹೆಸರು, ಉದಾಹರಣೆಗೆ ಊರಿನ ಹೆಸರು, ಹೇಗೆ ಬಂದಿದೆ ಎಂದು ನೋಡಿದರೆ ಅವನ ಅಲಿಫ್, ಲಾಮ್ ಬರೆಯುವ ಬಗೆ ಗೊತ್ತಾಗುತ್ತದೆ. ಬೀದರ ಕಡೆಯ ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಕಾಗದಕ್ಕೂ ಇದೇ ದಾರಿ. ಮೋಡಿಯಲ್ಲಿ ಇ–ಈ, ಉ–ಊ ಭೇದ ಇಡುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಗೌಡರ ಮನೆಯವನು ಹಳೆಯ ಕಾಗದದಲ್ಲಿ ಮಲ್ಲಪ್ಪ, ಮಲ್ಲನಗೌಡ. ಕೂಲಿ ಮಾಡುವವನು, ದಲಿತರ ಕೇರಿಯವನು ಮಲ್ಯಾ, ಭೀಮ್ಯಾ, ಬಸ್ಯಾ. ಮನೆಯಲ್ಲಿ ಅವನನ್ನೂ ಮಲ್ಲಪ್ಪ ಎಂದೇ ಕರೆಯುತ್ತಿದ್ದರು. ಬರೆಯುವವನು ಕೊಡದ ಮರ್ಯಾದೆ ಅದು, ಇಟ್ಟ ಹೆಸರಲ್ಲ. ಹುಡುಕುವಾಗ ಈ ರೂಪದಲ್ಲೂ ಹುಡುಕಿ, ಇಲ್ಲದಿದ್ದರೆ ನಿಮ್ಮವರು ಸಿಗುವುದಿಲ್ಲ. ವಂಶವೃಕ್ಷ ಬರೆಯುವಾಗ ‘ಮಲ್ಲಪ್ಪ (ದಾಖಲೆಯಲ್ಲಿ ಮಲ್ಯಾ)’ ಎಂದು ಬರೆಯಿರಿ. ಕಾಗದದ ರೂಪ ಬಿಟ್ಟರೆ ಕಚೇರಿಯಲ್ಲಿ ತಾಳೆಯಾಗದು. ಅದನ್ನೊಂದೇ ಉಳಿಸಿದರೆ ನಿಮ್ಮ ಮುತ್ಯಾನಿಗೆ ಎರಡನೇ ಸಲ ಅನ್ಯಾಯ.

ತಾಳೆ ನೋಡುವುದು

ಮುತ್ಯಾನ ಹೆಸರು ಮೊಮ್ಮಗನಿಗೆ ಬರುವುದರಿಂದ ‘ಬಸಪ್ಪ ತಂದೆ ಮಲ್ಲಪ್ಪ ತಂದೆ ಬಸಪ್ಪ ತಂದೆ ಮಲ್ಲಪ್ಪ’ ಎಂದು ಸರಣಿ ಸುತ್ತುತ್ತದೆ. ಸುರಪುರದ ಅರಸು ಮನೆಯಲ್ಲಿ ವೆಂಕಟಪ್ಪ ನಾಯಕ ಎಂಬ ಹೆಸರು ಮತ್ತೆ ಮತ್ತೆ ಬಂದದ್ದರಿಂದಲೇ 1857–58ರ ಹೋರಾಟದ ಅರಸರನ್ನು ನಾಲ್ವಡಿ ವೆಂಕಟಪ್ಪ ನಾಯಕ ಎನ್ನುತ್ತೇವೆ. ಒಕ್ಕಲಿಗರ ಮನೆಯಲ್ಲಿ ‘ನಾಲ್ವಡಿ’ ಎಂದು ಬರೆಯುವವರು ಯಾರು? ಅದಕ್ಕೆ ಸರ್ವೆ ನಂಬರು ಮತ್ತು ವರ್ಷವೇ ಗತಿ. 1935ರಲ್ಲಿ ಪಟ್ಟೇದಾರನಾದ ಬಸಪ್ಪ, 1985ರಲ್ಲಿ ಸಾಲ ತೆಗೆದ ಬಸಪ್ಪ ಒಬ್ಬನೇ ಎಂದು ಕಾಗದ ಹೇಳಿದಂತೆ ಕಂಡರೆ, ನಡುವೆ ಒಬ್ಬ ಮಲ್ಲಪ್ಪ ತಪ್ಪಿಹೋಗಿದ್ದಾನೆಯೇ ನೋಡಿ. ತಲೆಮಾರಿಗೆ ಸುಮಾರು 25 ವರ್ಷ ಹಿಡಿದು ಎಣಿಸಿದರೆ ಇಂಥ ತೂತು ಕಾಣುತ್ತದೆ.

ಐದು ಗುರುತು ಹೋಲಿಸಿ: ಸ್ವಂತ ಹೆಸರು, ತಂದೆ ಅಥವಾ ಗಂಡ, ಊರು, ಕೌಮ್ ಅಥವಾ ಕಸುಬು, ಸರ್ವೆ ನಂಬರ್. ಸರ್ವೆ ನಂಬರ್ ಸೇರಿ ನಾಲ್ಕು ಕೂಡಿದರೆ ಒಬ್ಬನೇ ಎಂದು ಧೈರ್ಯವಾಗಿ ಹಿಡಿಯಬಹುದು. ಬರೀ ಹೆಸರು, ತಂದೆ, ಊರು ಮೂರೇ ಕೂಡಿದರೆ ನಿಲ್ಲಿ. ಒಂದೇ ಊರಿನಲ್ಲಿ ‘ಬಸಪ್ಪ ತಂದೆ ಮಲ್ಲಪ್ಪ’ ಇಬ್ಬರು ಇರುವುದು ಏನೇನೂ ಅಪರೂಪವಲ್ಲ.

ಹೆಣ್ಣುಮಕ್ಕಳ ಸಾಲು ಹುಡುಕುವುದು ಕಷ್ಟ, ಆದರೆ ಬಿಡಬೇಡಿ. ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ತವರಿನ ಗಂಗಮ್ಮ ಗಂಡನ ಮನೆಯಲ್ಲಿ ಶಾಂತಮ್ಮ. ತವರಿನ ವಿರಾಸತ್‌ನಲ್ಲಿ ಗಂಗಮ್ಮ, ಗಂಡನ ಪಹಣಿಯಲ್ಲಿ ಶಾಂತಮ್ಮ, ಎರಡನ್ನೂ ಕೂಡಿಸುವುದು ಗಂಡನ ಹೆಸರು ಮತ್ತು ಅಣ್ಣತಮ್ಮಂದಿರ ಹೆಸರು. ದೇಶದ ಮೊದಲ ಸಾರ್ವತ್ರಿಕ ಚುನಾವಣೆಯ ಪಟ್ಟಿ ಮಾಡುವಾಗ ಸ್ವಂತ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರನ್ನು, ಬಹುಪಾಲು ಉತ್ತರದ ರಾಜ್ಯಗಳಲ್ಲಿ, ತೆಗೆದುಹಾಕಬೇಕಾಯಿತು. ತಂದೆಯ ಸಾಲಿನಲ್ಲಿ ತಾಯಿಯ ಹೆಸರಿರುವ ದಾಖಲೆಯೂ ಸಿಗುತ್ತದೆ. ಅದನ್ನು ಬರಹದ ತಪ್ಪೆಂದು ತಿದ್ದಲು ಹೋಗಬೇಡಿ. ಮಕ್ಕಳು ತಾಯಿಯ ಹೆಸರಿನಲ್ಲೇ ಬೆಳೆದ ಮನೆಗಳು ಇದ್ದವು, ಆ ಸಾಲು ಹಾಗೇ ಉಳಿಯಬೇಕು.

ಎಲ್ಲ ಆದ ಮೇಲೆ ನಾಡಕಚೇರಿಗೆ ವಂಶವೃಕ್ಷ ಕೊಡುವಾಗ ಪ್ರತಿ ಹೆಸರಿನ ಎದುರು ಆ ಹೆಸರು ಇರುವ ಕಾಗದ, ಅದರ ವರ್ಷ, ಸರ್ವೆ ನಂಬರ್ ಬರೆಯಿರಿ. ಎರಡು ರೂಪ ಇರುವ ಕಡೆ ‘ಉರ್ಫ್’ ಹಾಕಿ ಎರಡನ್ನೂ ಕೊಡಿ, ಪ್ರಮಾಣಪತ್ರದ ಅಫಿಡವಿಟ್ಟಿನಲ್ಲೂ ಅದೇ ಎರಡು ರೂಪ ಅಕ್ಷರ ಬಿಡದೆ ಬರಲಿ. ಹೊಸದಾಗಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರ ಬರೆಸುವಾಗ ಅಪ್ಪನ ಆಧಾರ್, ಮುತ್ಯಾನ ಪಹಣಿ ಎರಡನ್ನೂ ಎದುರಿಗಿಟ್ಟುಕೊಂಡೇ ಬರೆಸಿ.